ಕೌಂಟರಿನಲ್ಲಿ ಒಬ್ಬರೇ ಇದ್ದಾಗ ಮೊದಲು ಬಿಟ್ಟುಹೋಗುವುದು ಪ್ರಶ್ನೆ

ಸ್ಪೇರ್ ಪಾರ್ಟ್ಸ್ ಅಂಗಡಿಗಳಲ್ಲಿ ಕೆಲಸ ಮಾಡುವವರು, ಅಂಗಡಿ ನಡೆಸುವವರು, ಜೊತೆಗೆ ಒಂದಿಷ್ಟು ಮೆಕ್ಯಾನಿಕ್‌ಗಳು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳಿವು. ಬರೆದು ಕೊಡಿ ಎಂದು ಹಲವರು ಕೇಳಿದರು. ಮಾತಾಡಿದ ಹಾಗೆಯೇ ಇಟ್ಟಿದ್ದೇನೆ, ಅಲ್ಲಲ್ಲಿ ಸ್ವಲ್ಪ ಬಿಡಿಸಿ ಬರೆದಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತವರಲ್ಲಿ ಹೆಚ್ಚಿನವರು ಕೌಂಟರ್ ಹಿಂದೆ ನಿಂತು ದುಡಿದವರು. ಕೆಲಸಕ್ಕೆ ಜನ ಕಡಿಮೆ ಇರುವ ಅಂಗಡಿ ಹೇಗಿರುತ್ತದೆ ಅಂತ ನಿಮಗೆ ವರ್ಣಿಸಬೇಕಾಗಿಲ್ಲ. ಎದುರಿಗೆ ಒಬ್ಬ ಗಿರಾಕಿ, ಅವರ ಹಿಂದೆ ಇನ್ನೂ ಮೂವರು, ಕಿವಿ ಮತ್ತು ಭುಜದ ನಡುವೆ ಫೋನು, ಫೋನಿನ ಆ ಕಡೆ ಕ್ಲಚ್ ಸೆಟ್ ಇದೆಯಾ ಎಂದು ಕೇಳುತ್ತಿರುವ ಮೆಕ್ಯಾನಿಕ್, ಬಾಗಿಲಲ್ಲಿ ಲೋಡ್ ತಂದು ಸಹಿಗಾಗಿ ಕಾಯುತ್ತಿರುವ ಡ್ರೈವರ್. ಇದೆಲ್ಲ ಗೊತ್ತಿರುವುದೇ. ನಾನು ಹೇಳಬೇಕು ಅಂತ ಬಂದಿರುವುದು ಒಂದೇ ಮಾತು. ಜನ ಸಾಲದಾದಾಗ ನಮ್ಮ ಕೆಲಸದಲ್ಲಿ ಮೊದಲು ಬಿಟ್ಟುಹೋಗುವುದು ಯಾವುದು? ಸಾಲು ಉದ್ದವಾಗುವುದು ಆಮೇಲೆ. ಅದಕ್ಕೂ ಮುಂಚೆ, ಯಾರ ಕಣ್ಣಿಗೂ ಬೀಳದ ಹಾಗೆ, ಗಿರಾಕಿಗೆ ಕೇಳಬೇಕಾದ ಪ್ರಶ್ನೆ ಬಿಟ್ಟುಹೋಗುತ್ತದೆ.

ಹೊರಗಿನವರಿಗೆ ನಮ್ಮ ಕೆಲಸ ಅಂದರೆ ಡಬ್ಬ ತೆಗೆದುಕೊಡುವುದು, ಬಿಲ್ ಮಾಡುವುದು. ಆದರೆ ಕೆಲಸದ ಜೀವ ಇರುವುದು ಡಬ್ಬ ತೆಗೆಯುವ ಮುಂಚಿನ ಆ ಒಂದೆರಡು ನಿಮಿಷದಲ್ಲಿ. ಯಾವ ಎಂಜಿನ್? ಯಾವ ತಿಂಗಳು ತಯಾರಾದ ಗಾಡಿ? ಮುಂದಿನದಾ, ಹಿಂದಿನದಾ? ಎಬಿಎಸ್, ಅಂದರೆ ಬ್ರೇಕ್ ಒತ್ತಿದಾಗ ಚಕ್ರ ಜಾಮ್ ಆಗದಂತೆ ತಡೆಯುವ ವ್ಯವಸ್ಥೆ, ಇದೆಯಾ? ಹಳೆಯದನ್ನು ಬಿಚ್ಚಿ ತಂದಿದ್ದೀರಾ?

ಬ್ರೇಕ್ ಪ್ಯಾಡನ್ನೇ ತೆಗೆದುಕೊಳ್ಳಿ. ಗಿರಾಕಿ ಬಂದು ಗಾಡಿಯ ಹೆಸರು ಹೇಳಿ ಮುಂದಿನ ಪ್ಯಾಡ್ ಕೊಡಿ ಅನ್ನುತ್ತಾರೆ. ಅದೇ ಗಾಡಿ, ಅದೇ ವರ್ಷ, ಆದರೂ ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಎರಡು ಥರದ್ದು ಇರಬಹುದು, ಡಿಸ್ಕಿನ ಅಳತೆ ಬೇರೆ ಇರಬಹುದು, ಒಂದರಲ್ಲಿ ಪ್ಯಾಡ್ ಸವೆದಾಗ ದೀಪ ಹತ್ತಿಸುವ ಸೆನ್ಸರ್ ವೈರ್ ಇದ್ದು ಇನ್ನೊಂದರಲ್ಲಿ ಇಲ್ಲದಿರಬಹುದು. ಕಂಪ್ಯೂಟರ್ ಎರಡನ್ನೂ ತೋರಿಸುತ್ತದೆ. ಕೌಂಟರಿನಲ್ಲಿ ಇಬ್ಬರಿದ್ದರೆ ಒಬ್ಬರಿಗೆ ನಿಧಾನವಾಗಿ ಚಾಸಿ ನಂಬರ್ ಕೇಳಲು, ಹಳೇ ಪ್ಯಾಡಿನ ಫೋಟೋ ತರಿಸಿ ನೋಡಲು ಪುರುಸೊತ್ತು ಇರುತ್ತದೆ. ಒಬ್ಬರೇ ಇದ್ದು, ಹಿಂದೆ ಮೂರು ಜನ ಗಡಿಯಾರ ನೋಡುತ್ತಾ ನಿಂತಿದ್ದರೆ, ಕೈ ತಾನಾಗಿ ಜಾಸ್ತಿ ಓಡುವ ಡಬ್ಬದ ಕಡೆ ಹೋಗುತ್ತದೆ. ಹೆಚ್ಚಿನ ಸಲ ಅದು ಸರಿಯಾಗಿಯೇ ಇರುತ್ತದೆ, ಅದಕ್ಕೇ ಈ ಅಭ್ಯಾಸ ಬೇರು ಬಿಡುತ್ತದೆ.

ತಪ್ಪಾದ ಸಲ ಏನಾಗುತ್ತದೆ ನೋಡಿ. ಗಾಡಿ ಲಿಫ್ಟ್ ಮೇಲಿದೆ, ಚಕ್ರ ಬಿಚ್ಚಿದೆ, ಹಳೇ ಪ್ಯಾಡ್ ತೆಗೆದಾಗಿದೆ, ಹೊಸದು ಕೂರುವುದಿಲ್ಲ. ಮೆಕ್ಯಾನಿಕ್ ಕೈಕಟ್ಟಿ ನಿಲ್ಲಬೇಕು. ಆ ಲಿಫ್ಟಿಗೆ ಬೇರೆ ಗಾಡಿ ಹತ್ತಿಸುವ ಹಾಗಿಲ್ಲ. ಗಾಡಿಯ ಮಾಲೀಕರಿಗೆ ಸಂಜೆ ಕೊಡುತ್ತೇನೆ ಅಂದ ಮಾತು ತಪ್ಪುತ್ತದೆ. ಯಾರೋ ಒಬ್ಬರು ಆ ಡಬ್ಬ ಹಿಡಿದುಕೊಂಡು ಮತ್ತೆ ನಮ್ಮ ಹತ್ತಿರ ಬರುತ್ತಾರೆ. ನಾವು ರಿಟರ್ನ್ ಮಾಡಬೇಕು, ಬಿಲ್ ತಿದ್ದಬೇಕು, ಡಬ್ಬದಲ್ಲಿ ಕ್ಲಿಪ್ಪುಗಳೆಲ್ಲ ಇವೆಯಾ ನೋಡಬೇಕು, ರ್ಯಾಕಿಗೆ ವಾಪಸ್ ಇಡಬೇಕು, ಸರಿಯಾದದ್ದನ್ನು ಹುಡುಕಬೇಕು, ಇಷ್ಟರ ನಡುವೆ ಬೈಗುಳವನ್ನೂ ಕೇಳಬೇಕು. ಒಂದೆರಡು ನಿಮಿಷ ಉಳಿಸಲು ಹೋಗಿ ಅದರ ಹತ್ತು ಪಟ್ಟು ಕೆಲಸ ಅದೇ ಕೌಂಟರಿಗೆ, ಅದೇ ಒಬ್ಬ ಮನುಷ್ಯನ ತಲೆಗೆ ವಾಪಸ್ ಬಂತು.

ಎಡ, ಬಲದ ವಿಷಯವೂ ಹೀಗೆಯೇ. ನಮ್ಮ ವ್ಯಾಪಾರದಲ್ಲಿ ಎಡ ಬಲ ಅಂದರೆ ಡ್ರೈವರ್ ಸೀಟಿನಲ್ಲಿ ಮುಂದಕ್ಕೆ ಮುಖ ಮಾಡಿ ಕೂತಾಗಿನ ಎಡ ಬಲ. ಆದರೆ ಬಾನೆಟ್ ತೆಗೆದು ಗಾಡಿಗೆ ಎದುರಾಗಿ ನಿಂತು ಫೋನ್ ಮಾಡುವ ಮನುಷ್ಯನಿಗೆ ತನ್ನ ಎಡಗೈ ಕಡೆಯದೇ ಎಡ. ಹೆಡ್‌ಲೈಟ್, ಲೋಯರ್ ಆರ್ಮ್, ಡ್ರೈವ್ ಶಾಫ್ಟ್, ಎಲ್ಲದರಲ್ಲೂ ಇದೇ ಗೊಂದಲ. "ಡ್ರೈವರ್ ಕೂರುವ ಕಡೆಯದಾ, ಪಕ್ಕದವರು ಕೂರುವ ಕಡೆಯದಾ?" ಅಂತ ಒಂದು ಮಾತು ಕೇಳಿದರೆ ಮುಗಿಯಿತು. ಐದು ಸೆಕೆಂಡ್ ಸಾಕು. ಆ ಐದು ಸೆಕೆಂಡನ್ನೇ ಗದ್ದಲ ಕಿತ್ತುಕೊಳ್ಳುವುದು.

ಚಕ್ರದ ಬೇರಿಂಗ್ ಇನ್ನೂ ಕಷ್ಟದ್ದು. ಎಬಿಎಸ್ ಇರುವ ಬಹಳಷ್ಟು ಗಾಡಿಗಳಲ್ಲಿ ಬೇರಿಂಗಿನ ಒಂದು ಬದಿಯ ಸೀಲಿನಲ್ಲೇ ಅಯಸ್ಕಾಂತದ ರಿಂಗ್ ಇರುತ್ತದೆ, ಚಕ್ರ ಎಷ್ಟು ವೇಗದಲ್ಲಿ ತಿರುಗುತ್ತಿದೆ ಎಂದು ಸೆನ್ಸರ್ ಅದರಿಂದ ಓದಿಕೊಳ್ಳುತ್ತದೆ. ರಿಂಗ್ ಇಲ್ಲದ ಬೇರಿಂಗ್ ಕೂಡ ನೋಡಲು ಹಾಗೆಯೇ ಇರಬಹುದು, ಅಳತೆಯೂ ಅದೇ ಇರಬಹುದು, ಪ್ರೆಸ್ ಮಾಡಿದರೆ ಕೂತೂ ಬಿಡುತ್ತದೆ. ಗಾಡಿ ರಸ್ತೆಗೆ ಇಳಿದ ಮೇಲೆ ಎಬಿಎಸ್ ದೀಪ ಹತ್ತುತ್ತದೆ. ಪ್ರೆಸ್ ಮಾಡಿ ಕೂರಿಸಿದ ಬೇರಿಂಗನ್ನು ಹೊರತೆಗೆದರೆ ಸಾಮಾನ್ಯವಾಗಿ ಅದು ಕೆಟ್ಟುಹೋಗುತ್ತದೆ, ವಾಪಸ್ ತೆಗೆದುಕೊಳ್ಳುವ ಹಾಗಿರುವುದಿಲ್ಲ. ಅಲ್ಲಿಗೆ ಜಗಳ ಗ್ಯಾರಂಟಿ. ಸ್ಪಾರ್ಕ್ ಪ್ಲಗ್ಗಿನಲ್ಲಿ ಮರೆಯ (ಥ್ರೆಡ್ಡಿನ) ಉದ್ದ ಜಾಸ್ತಿ ಇರುವುದನ್ನು ಕೊಟ್ಟರೆ ಪಿಸ್ಟನ್ನಿಗೆ ತಗುಲಿ ಎಂಜಿನ್ನೇ ಹಾಳಾಗಬಹುದು. ಆಯಿಲ್ ಫಿಲ್ಟರಿನ ಮರೆ ಕೂತರೆ ಸಾಕು ಅಂದುಕೊಳ್ಳುವವರಿದ್ದಾರೆ, ಫಿಲ್ಟರ್ ಕಟ್ಟಿಕೊಂಡಾಗ ಆಯಿಲ್ಲಿಗೆ ಬೇರೆ ದಾರಿ ಬಿಡುವ ಒಳಗಿನ ಬೈಪಾಸ್ ವಾಲ್ವ್ ಯಾವ ಒತ್ತಡಕ್ಕೆ ತೆರೆಯುತ್ತದೆ ಅನ್ನುವುದು ಹೊರಗಿನಿಂದ ಕಾಣುವುದಿಲ್ಲ.

ಇದಕ್ಕೆಲ್ಲ ಉತ್ತರವಾಗಿ ನಮ್ಮ ಕೈಯಲ್ಲಿ ಇರುವ ಒಳ್ಳೆಯ ಸಾಧನ ಚಾಸಿ ನಂಬರ್. 17 ಅಕ್ಷರ, ಅಂಕಿಗಳು. ಮೊದಲ ಮೂರು ತಯಾರಕರು ಯಾರು ಎಂದು ಹೇಳುತ್ತವೆ. 1 ಮತ್ತು 0 ಜೊತೆ ಗೊಂದಲ ಆಗಬಾರದು ಅಂತ ಇಂಗ್ಲಿಷಿನ ಐ, ಓ, ಕ್ಯೂ ಅಕ್ಷರಗಳನ್ನು ಇದರಲ್ಲಿ ಬಳಸುವುದೇ ಇಲ್ಲ. ಅಮೆರಿಕದಲ್ಲಿ 1981ರ ಮಾಡೆಲ್‌ಗಳಿಂದ ಈ 17ರ ಪದ್ಧತಿ ಕಡ್ಡಾಯವಾಯಿತು, ಅಲ್ಲಿನ ಗಾಡಿಗಳಲ್ಲಿ 9ನೆಯದು ತಾಳೆ ನೋಡುವ ಅಂಕಿ, ಹಾಗಾಗಿ ಒಂದು ಅಕ್ಷರ ತಪ್ಪು ಬರೆದರೂ ಕಂಪ್ಯೂಟರ್ ಹಿಡಿಯಬಲ್ಲದು. ಎಲ್ಲ ಕಡೆಯ ಗಾಡಿಗಳಲ್ಲಿ ಆ ಅನುಕೂಲ ಇಲ್ಲ. ಬಿ ಅನ್ನುವುದು ಫೋನಿನಲ್ಲಿ ಡಿ ಎಂದು ಕೇಳುತ್ತದೆ, ಎಣ್ಣೆ ಮೆತ್ತಿದ ಪ್ಲೇಟಿನಲ್ಲಿ 8 ಕೂಡ ಬಿ ಹಾಗೆ ಕಾಣುತ್ತದೆ. ಬರೆದುಕೊಂಡು ಒಂದು ಸಲ ಗಟ್ಟಿಯಾಗಿ ಓದಿ ಹೇಳಬೇಕು. ಎರಡು ನಿಮಿಷವೂ ಹಿಡಿಯದ ಕೆಲಸ ಇದು. ಕೆಲಸಕ್ಕೆ ಜನ ಸಾಲದ ಅಂಗಡಿಯಲ್ಲಿ ಇದನ್ನೇ ಮೊದಲು ಕೈಬಿಡುತ್ತಾರೆ. "ಗಾಡಿ ಯಾವುದು ಹೇಳಿ ಸಾಕು" ಅನ್ನುತ್ತಾರೆ.

ಇಲ್ಲಿಯವರೆಗೆ ಹೇಳಿದ್ದು ಹೆಚ್ಚಾಗಿ ಹೊತ್ತು ಮತ್ತು ದುಡ್ಡಿನ ಮಾತು. ಕೆಲವು ಪ್ರಶ್ನೆಗಳು ಜೀವಕ್ಕೆ ಸಂಬಂಧಿಸಿದವು. ಬ್ರೇಕ್ ಆಯಿಲ್ ಅಂತ ನಾವೆಲ್ಲ ಕರೆಯುತ್ತೇವೆ, ಆದರೆ ಡಾಟ್ 3, ಡಾಟ್ 4, ಡಾಟ್ 5.1 ಇವು ಗ್ಲೈಕಾಲ್ ಬಳಗದ್ದು, ಡಾಟ್ 5 ಸಿಲಿಕೋನ್. 5 ಮತ್ತು 5.1 ಅಂಕಿಯಲ್ಲಿ ಅಕ್ಕಪಕ್ಕ ಇದ್ದರೂ ಒಂದಕ್ಕೊಂದು ಬೆರೆಸುವ ಹಾಗಿಲ್ಲ. ಗ್ಲೈಕಾಲ್ ಥರದ್ದು ಗಾಳಿಯ ತೇವ ಹೀರಿಕೊಳ್ಳುತ್ತದೆ. ಹೊಸ ಡಾಟ್ 4 ಕುದಿಯಲು ಕಡಿಮೆ ಅಂದರೂ 230 ಡಿಗ್ರಿ ಸೆಲ್ಸಿಯಸ್ ಬೇಕು ಎನ್ನುವುದು ನಿಯಮ, ತೇವ ಹೀರಿಕೊಂಡದ್ದಕ್ಕೆ ಆ ಮಿತಿ 155. ಇಳಿಜಾರಿನಲ್ಲಿ ಬ್ರೇಕ್ ಒತ್ತಿ ಒತ್ತಿ ಬಿಸಿಯಾದಾಗ ಅದು ಕುದಿದರೆ ಪೆಡಲ್ ಸುಮ್ನೆ ಒಳಗೆ ಹೋಗುತ್ತದೆ, ಗಾಡಿ ನಿಲ್ಲುವುದಿಲ್ಲ. ಇನ್ನು ಎಂಜಿನ್ ಆಯಿಲ್ಲನ್ನೋ ಸ್ಟೀರಿಂಗ್ ಆಯಿಲ್ಲನ್ನೋ ಬ್ರೇಕಿನ ಡಬ್ಬಿಗೆ ಹಾಕಿದರೆ ರಬ್ಬರ್ ಸೀಲುಗಳು ಊದಿಕೊಂಡು ಇಡೀ ಬ್ರೇಕೇ ಕೆಡುತ್ತದೆ. "ಆಯಿಲ್ ಕೊಡಿ, ಡಬ್ಬಿ ಖಾಲಿಯಾಗಿದೆ" ಅಂತ ಬಂದವರಿಗೆ ಯಾವ ಡಬ್ಬಿ, ಮುಚ್ಚಳದ ಮೇಲೆ ಏನು ಬರೆದಿದೆ ಎಂದು ಕೇಳಲೇಬೇಕು. ಬ್ರೇಕಿನ ಡಬ್ಬಿ ತಾನಾಗಿ ಖಾಲಿಯಾಗುವುದಿಲ್ಲ, ಪ್ಯಾಡ್ ಪೂರ್ತಿ ಸವೆದಿರಬೇಕು ಅಥವಾ ಎಲ್ಲೋ ಸೋರುತ್ತಿರಬೇಕು ಅಂತಲೂ ಹೇಳಿ ಕಳಿಸಬೇಕು. ಈ ಮಾತು ಹೇಳಲು ಹೊತ್ತಿಲ್ಲದ ಅಂಗಡಿ, ನನ್ನ ಪ್ರಕಾರ, ಅಪಾಯದ ಅಂಗಡಿ.

ಬ್ಯಾಟರಿ ಕೇಳಿಕೊಂಡು ಬರುವವರ ವಿಷಯ. ಗಾಡಿ ಸ್ಟಾರ್ಟ್ ಆಗುತ್ತಿಲ್ಲ, ಹೊಸ ಬ್ಯಾಟರಿ ಕೊಡಿ. ಮೀಟರ್ ಹಿಡಿದು ಎರಡು ಸಲ ನೋಡಿದರೆ ಬಹಳಷ್ಟು ತಿಳಿಯುತ್ತದೆ. ಚಾರ್ಜ್ ಇರುವ 12 ವೋಲ್ಟಿನ ಬ್ಯಾಟರಿ ಎಂಜಿನ್ ಆಫ್ ಇದ್ದಾಗ ಸುಮಾರು 12.6 ತೋರಿಸಬೇಕು. ಎಂಜಿನ್ ಓಡುತ್ತಿರುವಾಗ ಸಾಮಾನ್ಯವಾಗಿ 14ರ ಆಸುಪಾಸು ಇರಬೇಕು. ಓಡುವಾಗಲೂ 12ರ ಹತ್ತಿರವೇ ನಿಂತಿದ್ದರೆ ಚಾರ್ಜ್ ಆಗುತ್ತಿಲ್ಲ, ಬ್ಯಾಟರಿಗೆ ಚಾರ್ಜ್ ಕೊಡುವ ಆಲ್ಟರ್ನೇಟರ್ ಕಡೆ ನೋಡಬೇಕು. ಇದನ್ನು ನೋಡದೆ ಹೊಸ ಬ್ಯಾಟರಿ ಮಾರಿದರೆ ಕೆಲವೇ ದಿನಕ್ಕೆ ಅದೂ ಬಸಿದುಹೋಗುತ್ತದೆ, ಗಿರಾಕಿ ವಾರಂಟಿ ಕಾಗದ ಹಿಡಿದು ಬಂದು ನೀವು ಕೆಟ್ಟ ಬ್ಯಾಟರಿ ಕೊಟ್ಟಿರಿ ಅನ್ನುತ್ತಾರೆ. ಅವರ ದೃಷ್ಟಿಯಲ್ಲಿ ಅವರು ಹೇಳುವುದು ಸರಿಯೇ.

ಕೋಡ್ ಹಿಡಿದು ಬರುವವರೂ ಈಗ ಜಾಸ್ತಿ. ಗಾಡಿಯ ಕಂಪ್ಯೂಟರಿನಿಂದ ದೋಷದ ಕೋಡ್ ಓದುವ ಸ್ಕ್ಯಾನರ್ ಪಿ0171 ತೋರಿಸಿತು, ಆಕ್ಸಿಜನ್ ಸೆನ್ಸರ್ ಕೊಡಿ ಅನ್ನುತ್ತಾರೆ. ಆ ಕೋಡ್ ಹೇಳುವುದು ಇಷ್ಟೇ: ಇಂಧನಕ್ಕಿಂತ ಗಾಳಿ ಜಾಸ್ತಿಯಾಗಿದೆ. ಪೈಪ್ ಬಿರುಕು ಬಿಟ್ಟು ಗಾಳಿ ಎಳೆಯುತ್ತಿರಬಹುದು, ಗಾಳಿ ಅಳೆಯುವ ಸೆನ್ಸರ್ ಕೊಳೆಯಾಗಿರಬಹುದು, ಪಂಪಿನ ಒತ್ತಡ ಕಡಿಮೆಯಾಗಿರಬಹುದು. ವಿಷಯ ಹೇಳಿದ ಆಕ್ಸಿಜನ್ ಸೆನ್ಸರನ್ನೇ ಬದಲಾಯಿಸಿದರೆ ಕಾಯಿಲೆ ಹಾಗೇ ಉಳಿಯುತ್ತದೆ. ಅಲ್ವಾ?

ಸರಿ, ಈಗ ಸಾಲಿನ ಲೆಕ್ಕಕ್ಕೆ ಬರೋಣ. ಅಂಗಡಿ ನಡೆಸುವವರು ದಯವಿಟ್ಟು ಇದನ್ನು ಗಮನ ಕೊಟ್ಟು ಕೇಳಿ, ಯಾಕೆಂದರೆ ಇಲ್ಲಿ ಅಂದಾಜು ಬಹಳ ಮೋಸ ಮಾಡುತ್ತದೆ. ಡೆನ್ಮಾರ್ಕಿನ ಎರ್ಲಾಂಗ್ ಎಂಬ ಗಣಿತಜ್ಞರು ಟೆಲಿಫೋನ್ ಎಕ್ಸ್‌ಚೇಂಜುಗಳಿಗೆ ಎಷ್ಟು ಲೈನ್ ಬೇಕು ಎಂದು ಲೆಕ್ಕ ಹಾಕಲು ಹೊರಟು 1909ರಲ್ಲಿ ಬರೆದ ಲೇಖನದಿಂದ ಸಾಲುಗಳ ಗಣಿತ ಶುರುವಾಯಿತು. ಅದರ ಅತಿ ಸರಳ ರೂಪವನ್ನು ನಮ್ಮ ಕೌಂಟರಿಗೆ ಹಚ್ಚೋಣ. ಒಬ್ಬ ಗಿರಾಕಿಗೆ ಸರಾಸರಿ 5 ನಿಮಿಷ ಬೇಕು ಅಂದುಕೊಳ್ಳಿ. ಜನ ಹೇಳಿ ಕೇಳಿ ಬರುವುದಿಲ್ಲ, ಒಮ್ಮೆ ಯಾರೂ ಇಲ್ಲ, ಒಮ್ಮೆ ನಾಲ್ಕು ಜನ ಒಟ್ಟಿಗೆ. ಕೌಂಟರಿನಲ್ಲಿರುವವರು ಅರ್ಧ ಹೊತ್ತು ಕೆಲಸದಲ್ಲಿ, ಅರ್ಧ ಹೊತ್ತು ಬಿಡುವಾಗಿ ಇದ್ದರೆ, ಬಂದವರು ಸರಾಸರಿ 5 ನಿಮಿಷ ಕಾಯಬೇಕಾಗುತ್ತದೆ. 80 ಶೇಕಡಾ ಹೊತ್ತು ಕೆಲಸದಲ್ಲಿದ್ದರೆ 20 ನಿಮಿಷ. 90 ಶೇಕಡಾ ಆದರೆ 45 ನಿಮಿಷ. 95 ಆದರೆ 95 ನಿಮಿಷ. ಕೆಲಸ ಸ್ವಲ್ಪವೇ ಜಾಸ್ತಿಯಾದಂತೆ ಕಂಡರೂ ಕಾಯುವ ಹೊತ್ತು ಎಷ್ಟೋ ಪಟ್ಟು ಜಾಸ್ತಿಯಾಗುತ್ತದೆ. ಈಗ ಆ 90 ಶೇಕಡಾದ ಅಂಗಡಿಗೆ, ಅದೇ ಗಿರಾಕಿಗಳು ಇರುವಾಗ, ಇನ್ನೊಬ್ಬರನ್ನು ಸೇರಿಸಿ. 45 ನಿಮಿಷ ಅರ್ಧಕ್ಕೆ ಇಳಿಯುತ್ತದೆ ಅಂದುಕೊಳ್ಳುತ್ತೇವೆ. ಇಲ್ಲ. ಅದು ಸುಮಾರು ಒಂದೂಕಾಲು ನಿಮಿಷಕ್ಕೆ ಇಳಿಯುತ್ತದೆ.

ನಿಜವಾದ ಅಂಗಡಿಯಲ್ಲಿ ಯಾರೂ 45 ನಿಮಿಷ ನಿಲ್ಲುವುದಿಲ್ಲ, ಅದು ನನಗೂ ಗೊತ್ತು. ಬಾಗಿಲಲ್ಲೇ ನೋಡಿ ಹೊರಟುಹೋಗುತ್ತಾರೆ. ಫೋನ್ ಎತ್ತಲಿಲ್ಲ ಅಂತ ಮೆಕ್ಯಾನಿಕ್ ಮುಂದಿನ ಅಂಗಡಿಗೆ ಕರೆ ಮಾಡುತ್ತಾರೆ. ಹಾಗಾಗಿ ಸಾಲು ಚಿಕ್ಕದಾಗಿಯೇ ಕಾಣುತ್ತದೆ, ಮಾಲೀಕರು ಬಂದು ನೋಡಿ "ಅಷ್ಟೇನೂ ರಶ್ ಇಲ್ಲವಲ್ಲ" ಅನ್ನುತ್ತಾರೆ. ಬಂದು ಹೋದವರ ಬಿಲ್ ಎಲ್ಲೂ ಇರುವುದಿಲ್ಲ.

ಇನ್ನೊಂದು ಮಾತು ಇದೇ ಲೆಕ್ಕದಲ್ಲಿ ಅಡಗಿದೆ. "ಕೆಲಸದವರು ಸುಮ್ನೆ ನಿಂತಿರುತ್ತಾರೆ" ಅನ್ನುವುದು ಮಾಲೀಕರ ದೊಡ್ಡ ದೂರು. ಆ ಬಿಡುವು ದಂಡ ಅಲ್ಲ. ನಾಲ್ಕು ಜನ ಒಟ್ಟಿಗೆ ಬಂದಾಗ ಅವರನ್ನು ಹಿಡಿದುಕೊಳ್ಳುವ ಶಕ್ತಿ ಇರುವುದು ಅದರಲ್ಲೇ. ಲೋಡ್ ಬಿಚ್ಚುವುದು, ರ್ಯಾಕ್ ಸರಿ ಮಾಡುವುದು, ಹೊಸಬರಿಗೆ ಕಲಿಸುವುದು ನಡೆಯುವುದೂ ಅದೇ ಬಿಡುವಿನಲ್ಲಿ. ಬಿಡುವೇ ಇಲ್ಲದ ಹಾಗೆ ಜನರನ್ನು ಇಟ್ಟರೆ ಈ ಮೂರೂ ಕೆಲಸ ನಿಲ್ಲುತ್ತವೆ.

ಲೋಡ್ ಬಿಚ್ಚದಿದ್ದರೆ ಏನಾಗುತ್ತದೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇದು ಅಂಗಡಿಯನ್ನು ಒಳಗಿನಿಂದ ತಿನ್ನುವ ಕೆಲಸ. ಬಾಕ್ಸುಗಳು ಹಿಂದಿನ ಕೋಣೆಯಲ್ಲಿ ಮೂರು ದಿನದಿಂದ ಹಾಗೇ ಬಿದ್ದಿವೆ. ಕಂಪ್ಯೂಟರಿನಲ್ಲಿ ವಾಟರ್ ಪಂಪ್ ಎರಡು ಇದೆ ಎಂದು ತೋರಿಸುತ್ತದೆ. ರ್ಯಾಕಿನಲ್ಲಿ ಇಲ್ಲ. ಯಾವ ಬಾಕ್ಸಿನಲ್ಲಿದೆ ಗೊತ್ತಿಲ್ಲ. ಗಿರಾಕಿಗೆ ಇದೆ ಎಂದು ಫೋನಿನಲ್ಲಿ ಹೇಳಿಯಾಗಿದೆ, ಅವರು ದಾರಿಯಲ್ಲಿದ್ದಾರೆ. ಇದಲ್ಲದೆ ರಿಟರ್ನ್ ಬಂದ ಡಬ್ಬಗಳು ಕೌಂಟರ್ ಕೆಳಗೆ ಗುಡ್ಡೆ. ಒಂದರ ಡಬ್ಬದಲ್ಲಿ ಇನ್ನೊಂದರ ಪಾರ್ಟ್. ಅದನ್ನು ಮುಂದಿನ ಗಿರಾಕಿಗೆ ಮಾರಿದ ಮೇಲೆಯೇ ತಿಳಿಯುವುದು. ಡಿಹೊರೇಷಿಯಸ್ ಮತ್ತು ರಾಮನ್ ಎಂಬ ಇಬ್ಬರು ಸಂಶೋಧಕರು ಒಂದು ದೊಡ್ಡ ಚಿಲ್ಲರೆ ಕಂಪನಿಯ 37 ಅಂಗಡಿಗಳಲ್ಲಿ ಸುಮಾರು 3,70,000 ಸ್ಟಾಕ್ ದಾಖಲೆಗಳನ್ನು ನೋಡಿ 2008ರಲ್ಲಿ ಬರೆದರು: ಅದರಲ್ಲಿ 65 ಶೇಕಡಾ ದಾಖಲೆಗಳು ನಿಜವಾದ ಎಣಿಕೆಗೆ ತಾಳೆಯಾಗಲಿಲ್ಲ. ಅದು ನಮ್ಮ ವ್ಯಾಪಾರದ ಅಂಗಡಿಗಳ ಲೆಕ್ಕ ಅಲ್ಲ. ಆದರೆ ನಮ್ಮಲ್ಲಿ ಒಂದೇ ಥರ ಕಾಣುವ ಸಾವಿರಾರು ಚಿಕ್ಕ ಡಬ್ಬಗಳಿವೆ, ಒಂದು ಅಂಕಿ ವ್ಯತ್ಯಾಸದ ಪಾರ್ಟ್ ನಂಬರುಗಳಿವೆ, ಹಳೇ ನಂಬರ್ ಹೋಗಿ ಹೊಸ ನಂಬರ್ ಬಂದವು ಇವೆ. ಸ್ಟಾಕ್ ತಪ್ಪಿದ್ದರೆ ಪ್ರತಿ ಗಿರಾಕಿಗೂ ಹುಡುಕಾಟ ಜಾಸ್ತಿ, 5 ನಿಮಿಷದ ಕೆಲಸ 8 ನಿಮಿಷ ಆಗುತ್ತದೆ, ಆಗ ಮೊದಲು ಹೇಳಿದ ಸಾಲಿನ ಲೆಕ್ಕ ಇನ್ನೂ ಕೆಡುತ್ತದೆ. ಜನ ಕಡಿಮೆ ಇರುವುದೇ ಕೆಲಸ ಹೆಚ್ಚಿಸುತ್ತದೆ ಅಂತ ನಾನು ಹೇಳುವುದು ಇದಕ್ಕೇ.

ಹೊಸಬರ ಮಾತು. ಕೆಲಸಕ್ಕೆ ಸೇರಿದ ದಿನವೇ ಕೌಂಟರಿಗೆ ನಿಲ್ಲಿಸುತ್ತಾರೆ, ಯಾಕೆಂದರೆ ಅಲ್ಲಿ ಬೇರೆ ಯಾರೂ ಇಲ್ಲ. ಪಕ್ಕದಲ್ಲಿ ನಿಂತು ಕಲಿಸಬೇಕಾದವರು ಫೋನಿನಲ್ಲಿದ್ದಾರೆ. ಯಾವ ಪ್ರಶ್ನೆ ಕೇಳಬೇಕು ಅನ್ನುವುದೇ ಗೊತ್ತಿಲ್ಲದ ಹುಡುಗಿಯನ್ನೋ ಹುಡುಗನನ್ನೋ ಮೆಕ್ಯಾನಿಕ್ ಗದರುತ್ತಾರೆ, ಗಿರಾಕಿ ಗದರುತ್ತಾರೆ, ಸಂಜೆ ಮಾಲೀಕರು ರಿಟರ್ನ್ ಪಟ್ಟಿ ನೋಡಿ ಗದರುತ್ತಾರೆ. ಅವರು ಬಿಟ್ಟುಹೋಗುತ್ತಾರೆ. ಹೋಗದೆ ಏನು ಮಾಡಬೇಕು? ಅವರ ಜಾಗಕ್ಕೆ ಇನ್ನೊಬ್ಬರು ಬರುವವರೆಗೆ ಉಳಿದವರು ಎರಡು ಪಾಲು ದುಡಿಯುತ್ತಾರೆ, ಅವರಲ್ಲೂ ಒಬ್ಬರು ಬಿಡುತ್ತಾರೆ. "ಈಗಿನವರಿಗೆ ಕೆಲಸ ಮಾಡುವ ಮನಸ್ಸಿಲ್ಲ" ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಕಲಿಯಲು ಒಂದು ತಿಂಗಳು ಕೊಟ್ಟು, ಪಕ್ಕದಲ್ಲಿ ಒಬ್ಬರನ್ನು ನಿಲ್ಲಿಸಿ, ಆಮೇಲೂ ಹೋದರೆ ಆಗ ಆ ಮಾತು ಆಡೋಣ.

ಹಾಗೆಯೇ ಇನ್ನೊಂದು ಹೊಗಳಿಕೆ ಇದೆ, ಅದು ನನಗೆ ಬಹಳ ನೋವು ಕೊಡುತ್ತದೆ. "ಅವನು ಒಬ್ಬನೇ ಇಡೀ ಅಂಗಡಿ ನಿಭಾಯಿಸುತ್ತಾನೆ." ಹೇಳುವವರು ಮೆಚ್ಚಿಕೊಂಡೇ ಹೇಳುತ್ತಾರೆ. ಆದರೆ ಆ ಒಬ್ಬ ಊಟಕ್ಕೆ ಯಾವಾಗ ಹೋದ ಅಂತ ಕೇಳಿ. ಶೌಚಾಲಯಕ್ಕೆ ಹೋಗಲು ಕೌಂಟರ್ ಯಾರಿಗೆ ಬಿಟ್ಟು ಹೋದ ಅಂತ ಕೇಳಿ. ಕಾರಿನ ಬ್ಯಾಟರಿ ಸಾಮಾನ್ಯವಾಗಿ 10ರಿಂದ 20 ಕಿಲೋ ತೂಗುತ್ತದೆ, ಒಳಗೆ ಆಸಿಡ್ ಇದೆ, ಬ್ರೇಕ್ ಡ್ರಮ್ಮುಗಳು, ಆಯಿಲ್ ಕ್ಯಾನುಗಳ ಬಾಕ್ಸುಗಳು, ಎಲ್ಲವನ್ನೂ ಏಣಿ ಹತ್ತಿ ಇಳಿಸುವಾಗ ಕೆಳಗೆ ಹಿಡಿಯಲು ಯಾರೂ ಇಲ್ಲ. ರಾತ್ರಿ ಗಲ್ಲಾಪೆಟ್ಟಿಗೆ ಎಣಿಸಿ ಬಾಗಿಲು ಹಾಕುವಾಗಲೂ ಒಬ್ಬನೇ. ಅವನ ಕೈಲಾಗುತ್ತದೆ ಅನ್ನುವ ಕಾರಣಕ್ಕೇ ಇನ್ನೊಬ್ಬರನ್ನು ತೆಗೆದುಕೊಳ್ಳದೆ ಇರುತ್ತಾರೆ. ನಿಭಾಯಿಸಿದ್ದಕ್ಕೆ ಸಿಗುವ ಬಹುಮಾನ ಇದಾ?

ಮಾಲೀಕರ ಕಡೆಯ ಕಷ್ಟವೂ ನಿಜ. ಸಂಬಳ ತಿಂಗಳು ತಿಂಗಳು ಒಂದೇ ಸಾಲಿನಲ್ಲಿ ಕಣ್ಣಿಗೆ ರಾಚುತ್ತದೆ. ತಪ್ಪು ಪಾರ್ಟಿನ ಖರ್ಚು ಹಾಗಲ್ಲ, ರಿಟರ್ನ್, ವಾರಂಟಿ, ಡೆಲಿವರಿ ಗಾಡಿಯ ಎರಡನೇ ಟ್ರಿಪ್, ಹರಿದ ಡಬ್ಬ, ಬಿಟ್ಟುಹೋದ ಗ್ಯಾರೇಜ್ ಅಂತ ಹತ್ತು ಕಡೆ ಚದುರಿ ಹೋಗಿರುತ್ತದೆ. ಹಾಗಾಗಿ ಉಳಿಸಲು ಹೊರಟವರ ಕೈ ಮೊದಲು ಸಂಬಳದ ಕಡೆ ಹೋಗುತ್ತದೆ. ಅದಕ್ಕೆ ನನ್ನ ಒಂದು ಕೋರಿಕೆ. ರಿಟರ್ನ್ ಬಂದಾಗಲೆಲ್ಲ ಕಾರಣವನ್ನು ಎರಡೇ ಶಬ್ದದಲ್ಲಿ ಬರೆದಿಡಿ: "ಎಡ ಬಲ", "ಚಾಸಿ ಕೇಳಿಲ್ಲ", "ಡಬ್ಬ ಅದಲುಬದಲು", "ಗಿರಾಕಿಗೆ ಬೇಡವಾಯಿತು". ಪಕ್ಕದಲ್ಲಿ ಗಂಟೆ ಬರೆಯಿರಿ, ಆಗ ಕೌಂಟರಿನಲ್ಲಿ ಎಷ್ಟು ಜನ ಇದ್ದರು ಅಂತಲೂ ಬರೆಯಿರಿ. ಮುಖ್ಯ ಏನೆಂದರೆ, ಯಾರು ಮಾರಿದರು ಅಂತ ಹೆಸರು ಬರೆಯಬೇಡಿ. ಹೆಸರು ಬರೆದರೆ ಯಾರೂ ನಿಜವಾದ ಕಾರಣ ಬರೆಯುವುದಿಲ್ಲ. ಒಂದು ತಿಂಗಳು ಹೀಗೆ ಮಾಡಿದರೆ ಜನ ಎಲ್ಲಿ ಸಾಲದು ಅನ್ನುವುದನ್ನು ಆ ಪುಸ್ತಕವೇ ತೋರಿಸುತ್ತದೆ.

ದಿನಪೂರ್ತಿ ಇನ್ನೊಬ್ಬರನ್ನು ಇಡಲು ಆಗದಿದ್ದರೆ ಗದ್ದಲದ ಗಂಟೆಗಳಿಗೆ ಇಡಿ. ಗ್ಯಾರೇಜುಗಳು ಬೆಳಿಗ್ಗೆ ಗಾಡಿ ಬಿಚ್ಚಿ ನೋಡಿ ಒಟ್ಟಿಗೆ ಫೋನ್ ಮಾಡುವ ಹೊತ್ತು, ಸಂಜೆ ಕೆಲಸ ಮುಗಿಸಿ ಜನ ಬರುವ ಹೊತ್ತು. ಎರಡು ಶಿಫ್ಟುಗಳು ಆ ಗಂಟೆಗಳಲ್ಲಿ ಒಂದರ ಮೇಲೊಂದು ಬರುವ ಹಾಗೆ ಮಾಡಿದರೆ ಅದೇ ಜನರಲ್ಲಿ ಎಷ್ಟೋ ಸುಧಾರಿಸುತ್ತದೆ. ಲೋಡ್ ಬರುವ ದಿನ ಅದನ್ನು ಬಿಚ್ಚಿಡಲಿಕ್ಕೇ ಅಂತ ಒಬ್ಬರಿರಲಿ, ಅವರನ್ನು ಅರ್ಧದಲ್ಲಿ ಕೌಂಟರಿಗೆ ಎಳೆಯಬೇಡಿ. ಮುಂದಿನ ವಾರದ ಶಿಫ್ಟ್ ಯಾವುದು, ರಜೆ ಯಾವತ್ತು ಅನ್ನುವುದನ್ನು ಮುಂಚೆಯೇ ಹೇಳಿ, ಹೇಳಿದ ಮೇಲೆ ಬದಲಾಯಿಸಬೇಡಿ. ಇದು ಬರೀ ದಯೆಯ ಮಾತಲ್ಲ. ಅಮೆರಿಕದ ಗ್ಯಾಪ್ ಎಂಬ ಕಂಪನಿಯ ಬಟ್ಟೆ ಅಂಗಡಿಗಳಲ್ಲಿ ಸಂಶೋಧಕರು ಕೆಲಸದ ವೇಳೆಯನ್ನು ಸ್ಥಿರ ಮಾಡಿ ನೋಡಿದರು. ಅದರ ವರದಿ 2018ರಲ್ಲಿ ಬಂತು. ಹಾಗೆ ಮಾಡಿದ ಅಂಗಡಿಗಳಲ್ಲಿ ಮಾರಾಟ 7 ಶೇಕಡಾ ಏರಿತ್ತು. ಬಟ್ಟೆ ಮಾರುವಲ್ಲೇ ವೇಳೆ ಸ್ಥಿರವಾಗಿ ಅನುಭವಸ್ಥರು ಉಳಿದುಕೊಂಡರೆ ಇಷ್ಟು ಲಾಭ ಅಂದರೆ, ಬೇರಿಂಗ್ ಮಾರುವಲ್ಲಿ ಎಷ್ಟಿರಬಹುದು ಯೋಚಿಸಿ.

ಕೌಂಟರಿನಲ್ಲಿ ನಿಲ್ಲುವವರಿಗೆ ಒಂದೆರಡು ಮಾತು. ಎಷ್ಟೇ ಗದ್ದಲ ಇರಲಿ, ಮೂರು ಕಡೆ ಮಾತ್ರ ಪ್ರಶ್ನೆ ಬಿಡಬೇಡಿ: ಬ್ರೇಕ್, ಸ್ಟೀರಿಂಗ್, ಒಮ್ಮೆ ಕೂರಿಸಿದರೆ ವಾಪಸ್ ತೆಗೆದುಕೊಳ್ಳಲಾಗದ ಪಾರ್ಟು. ವೈಪರ್ ಬ್ಲೇಡ್ ತಪ್ಪಾದರೆ ನಾಳೆ ಬದಲಾಯಿಸಬಹುದು. ಗೊತ್ತಿಲ್ಲದಿದ್ದರೆ "ಗೊತ್ತಿಲ್ಲ, ನೋಡಿ ಹೇಳುತ್ತೇನೆ" ಅನ್ನಿ, ಅದರಲ್ಲಿ ಯಾವ ಅವಮಾನವೂ ಇಲ್ಲ. "ನನ್ನ ಗಾಡಿಗೆ ಏನಾಗಿದೆ" ಎಂದು ಕೇಳಿದರೆ ಏನೇನು ಇರಬಹುದು ಅಂತ ಹೇಳಿ, ಇದೇ ಅಂತ ತೀರ್ಪು ಕೊಡಬೇಡಿ, ಗಾಡಿ ನೋಡಿದವರು ನೀವಲ್ಲ.

ಮಾತು ಮುಗಿದ ಮೇಲೆ ಒಬ್ಬರು ಕೇಳಿದರು: ಈಗ ಗಿರಾಕಿಗಳೇ ಮೊಬೈಲಿನಲ್ಲಿ ಪಾರ್ಟ್ ನಂಬರ್ ಹುಡುಕಿಕೊಂಡು ಬರುತ್ತಾರೆ, ಇನ್ನು ಕೌಂಟರಿಗೆ ಜನ ಯಾಕೆ ಬೇಕು? ನಾನು ಹೇಳಿದೆ: ಮೊಬೈಲಿನ ಕ್ಯಾಟಲಾಗ್ ದೊಡ್ಡ ಸಹಾಯ, ಬೇಡ ಅನ್ನುವುದಿಲ್ಲ. ಆದರೆ ಅದಕ್ಕೆ ಗೊತ್ತಿರುವುದು ಕಾರ್ಖಾನೆಯಲ್ಲಿ ಏನು ಹಾಕಿದ್ದರು ಅನ್ನುವುದು. ನಡುವೆ ಯಾರೋ ಎಂಜಿನ್ ಬದಲಾಯಿಸಿದ್ದರೆ, ಬೇರೆ ಮಾಡೆಲ್ಲಿನ ಆಕ್ಸಲ್ ಹಾಕಿದ್ದರೆ, ಅದು ಕ್ಯಾಟಲಾಗಿನಲ್ಲಿ ಇರುವುದಿಲ್ಲ. ಹಳೇ ಪಾರ್ಟ್ ಕೈಯಲ್ಲಿ ಹಿಡಿದು, ಹೊಸದರ ಪಕ್ಕ ಇಟ್ಟು, ತೂತುಗಳ ಅಂತರ ನೋಡುವ ಮನುಷ್ಯ ಬೇಕೇ ಬೇಕು.

ಸಂಜೆ ಹೊತ್ತು ಒಬ್ಬರೇ ಅಂಗಡಿ ನೋಡಿಕೊಳ್ಳುವ ಒಬ್ಬ ಹೆಣ್ಣುಮಗಳು ಕೇಳಿದ್ದು ಇನ್ನೂ ನೇರ: "ಸರ್, ಎದುರಿಗೆ ಗಿರಾಕಿ, ಫೋನು, ಲೋಡ್ ಡ್ರೈವರ್, ಮೂರೂ ಒಟ್ಟಿಗೆ ಬಂದಾಗ ನಾನು ಏನು ಮಾಡಲಿ?" ನಾನು ಹೇಳಿದೆ: ಎದುರಿಗೆ ಇರುವವರ ಕೆಲಸ ಪೂರ್ತಿ ಮುಗಿಸಮ್ಮ, ಪಾರ್ಟ್ ನಂಬರ್ ಅರ್ಧ ನೋಡಿ ಫೋನಿಗೆ ಹೋದರೆ ಅಂಕಿ ಅದಲುಬದಲಾಗುವುದು ಅಲ್ಲೇ. ಫೋನ್ ಎತ್ತಿ ಹೆಸರು, ನಂಬರ್ ಬರೆದುಕೊಂಡು, ಎಷ್ಟು ನಿಮಿಷದಲ್ಲಿ ವಾಪಸ್ ಮಾಡುತ್ತೇನೆ ಅಂತ ಹೇಳು, ಹೇಳಿದ ಹೊತ್ತಿಗೆ ಮಾಡು. ಮೆಕ್ಯಾನಿಕ್‌ಗಳು ಕಾಯುವುದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ, ಎಷ್ಟು ಹೊತ್ತು ಅಂತ ತಿಳಿಯದಿದ್ದರೆ ಬೇಸರ. ಡ್ರೈವರ್ ಅವಸರ ಮಾಡಿದರೆ ಬಾಕ್ಸುಗಳನ್ನು ಎಣಿಸು, ಹರಿದಿರುವುದು, ಒದ್ದೆಯಾಗಿರುವುದು ಇದೆಯಾ ನೋಡು, ಸಹಿ ಹಾಕುವ ಮುಂಚೆ ಚಲನ್ ಮೇಲೆ "ಬಾಕ್ಸ್ ಎಣಿಸಿದ್ದೇನೆ, ಒಳಗೆ ತೆರೆದು ನೋಡಿಲ್ಲ" ಅಂತ ಬರೆದು, ಅದರ ಫೋಟೋ ತೆಗೆದಿಟ್ಟುಕೋ. ನಾಳೆ ಒಳಗಿನ ಹೆಡ್‌ಲೈಟ್ ಒಡೆದಿತ್ತು ಅಂತ ಗೊತ್ತಾದಾಗ ನಿನ್ನ ಕೈಯಲ್ಲಿ ಒಂದು ಕಾಗದ ಇರುತ್ತದೆ.